ರಕ್ತ ಕಂಡ ಜಾಗವನ್ನೇ ಉಜ್ಜಬೇಕು

ವಸಡು ಎಂದರೆ ಹಲ್ಲಿನ ಬುಡವನ್ನು ಸುತ್ತುವರಿದ ಮಾಂಸದ ಪಟ್ಟಿ. ಆರೋಗ್ಯವಾಗಿದ್ದಾಗ ಅದು ಗಟ್ಟಿಯಾಗಿರುತ್ತದೆ, ಅಂಚು ತೆಳ್ಳಗಿದ್ದು ಹಲ್ಲಿಗೆ ಒತ್ತಿಕೊಂಡಿರುತ್ತದೆ. ಒರೆಸಿ ಒಣಗಿಸಿ ನೋಡಿದರೆ ಎಷ್ಟೋ ಜನರಲ್ಲಿ ಕಿತ್ತಳೆ ಸಿಪ್ಪೆಯ ಮೇಲಿರುವಂಥ ಸಣ್ಣ ಸಣ್ಣ ಗುಳಿಗಳು ಕಾಣುತ್ತವೆ. ಪಠ್ಯಪುಸ್ತಕಗಳು ಆರೋಗ್ಯವಂತ ವಸಡಿನ ಬಣ್ಣ ತಿಳಿ ಗುಲಾಬಿ ಎನ್ನುತ್ತವೆ. ಆದರೆ ದಕ್ಷಿಣ ಭಾರತದವರಲ್ಲಿ ಕಂದು ಅಥವಾ ಕಪ್ಪು ಛಾಯೆಯ ವಸಡು ಅಷ್ಟೇ ಸಹಜ. ಚರ್ಮಕ್ಕೆ ಬಣ್ಣ ಕೊಡುವ ವಸ್ತುವೇ ವಸಡಿಗೂ ಆ ಬಣ್ಣ ಕೊಡುತ್ತದೆ. ಅದು ಕಾಯಿಲೆಯಲ್ಲ, ಅದಕ್ಕೆ ಔಷಧಿಯೂ ಬೇಡ.

ಕಣ್ಣಿಗೆ ಕಾಣುವ ಈ ಪಟ್ಟಿಯ ಕೆಳಗೆ ಹಲ್ಲನ್ನು ನಿಜವಾಗಿ ಹಿಡಿದಿಡುವ ಏರ್ಪಾಡು ಇದೆ. ಹಲ್ಲಿನ ಬೇರು ದವಡೆ ಮೂಳೆಯ ಗುಳಿಯೊಳಗೆ ಕೂತಿದ್ದರೂ ಮೂಳೆಗೆ ನೇರವಾಗಿ ಬೆಸೆದುಕೊಂಡಿಲ್ಲ. ಎರಡರ ನಡುವೆ ಒಂದು ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ದಪ್ಪದ ನಾರಿನ ಪದರವಿದೆ. ಹಲ್ಲು ಆ ನಾರುಗಳಲ್ಲಿ ತೂಗಿಕೊಂಡಂತೆ ನಿಂತಿದೆ. ಅನ್ನದಲ್ಲಿ ಒಂದು ಸಣ್ಣ ಕಲ್ಲು ಸಿಕ್ಕ ಕ್ಷಣವೇ ಜಗಿಯುವುದು ತಾನಾಗಿ ನಿಂತುಬಿಡುವುದು ಈ ನಾರಿನಲ್ಲಿರುವ ನರಗಳಿಂದ.

ವಸಡಿನ ಕಾಯಿಲೆಗೆ ಎರಡು ಹಂತ. ಮೊದಲನೆಯದು ವಸಡಿಗಷ್ಟೇ ತಗುಲಿದ ಉರಿಯೂತ. ಇದು ಪೂರ್ತಿ ಗುಣವಾಗುತ್ತದೆ. ಎರಡನೆಯದು ಒಳಗಿಳಿದು ನಾರನ್ನೂ ಮೂಳೆಯನ್ನೂ ತಿನ್ನುವ ಹಂತ. ಹಳೆಯ ತಲೆಮಾರಿನವರು ಇದನ್ನು ಪಯೋರಿಯಾ ಎನ್ನುತ್ತಿದ್ದರು. ಇದನ್ನು ತಡೆದು ನಿಲ್ಲಿಸಬಹುದು, ಆದರೆ ಕಳೆದುಹೋದ ಮೂಳೆ ಬಹುಮಟ್ಟಿಗೆ ಮರಳಿ ಬರುವುದಿಲ್ಲ. ಮೊದಲ ಹಂತದಿಂದ ಎರಡನೆಯದಕ್ಕೆ ಹೋಗುವಾಗ ನೋವೇ ಆಗುವುದಿಲ್ಲ. ಈ ಕಾಯಿಲೆಯ ಅತಿ ಕೆಟ್ಟ ಗುಣ ಅದು. ಹುಳುಕು ಹಲ್ಲು ರಾತ್ರಿಯೆಲ್ಲ ನಿದ್ದೆಗೆಡಿಸಿ ಬೆಳಗಾಗುತ್ತಲೇ ವೈದ್ಯರ ಬಳಿ ಓಡಿಸುತ್ತದೆ. ವಸಡಿನ ಕಾಯಿಲೆ ಹತ್ತಿಪ್ಪತ್ತು ವರ್ಷ ಸದ್ದಿಲ್ಲದೆ ಬೆಳೆದು, ಒಂದು ದಿನ ಚಕ್ಕುಲಿ ಕಡಿಯುವಾಗ ಹಲ್ಲು ಅಲ್ಲಾಡಿದಾಗಲೇ ತಿಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಅಂದಾಜಿನ ಪ್ರಕಾರ ಜಗತ್ತಿನಲ್ಲಿ 15 ವರ್ಷ ದಾಟಿದವರಲ್ಲಿ ಸುಮಾರು ಶೇ 19ರಷ್ಟು ಜನರಿಗೆ, ಅಂದರೆ 100 ಕೋಟಿಗೂ ಹೆಚ್ಚು ಮಂದಿಗೆ, ತೀವ್ರ ಹಂತದ ವಸಡಿನ ಕಾಯಿಲೆ ಇದೆ.

ಕಾಯಿಲೆಯ ಮೂಲ ಹಲ್ಲಿನ ಮೇಲೆ ಕಟ್ಟುವ ಪಾಚಿ. ಬೆಳಿಗ್ಗೆ ಎದ್ದಾಗ ನಾಲಿಗೆಯನ್ನು ಹಲ್ಲಿನ ಬುಡದ ಮೇಲೆ ಆಡಿಸಿದರೆ ಜಿಗುಟಾಗಿ, ಸ್ವಲ್ಪ ಒರಟಾಗಿ ತಾಗುವ ಲೇಪ ಅದೇ. ಅದು ಊಟದ ಚೂರು ಅಲ್ಲ, ಬ್ಯಾಕ್ಟೀರಿಯಾಗಳ ಗೂಡು. ಬಾಯಿ ಮುಕ್ಕಳಿಸಿದರೆ ಊಟದ ಚೂರು ಹೋಗುತ್ತದೆ, ಪಾಚಿ ಹೋಗುವುದಿಲ್ಲ. ಒಂದು ಮಿಲಿಗ್ರಾಂ ಪಾಚಿಯಲ್ಲಿ ಸುಮಾರು ಹತ್ತು ಕೋಟಿ ಬ್ಯಾಕ್ಟೀರಿಯಾಗಳಿರುತ್ತವೆ. ಇವನ್ನು ಮೊದಲು ಕಂಡವರು ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟೋನಿ ವಾನ್ ಲೇವನ್‌ಹುಕ್. ದಿನವೂ ಉಪ್ಪಿನಿಂದ ಹಲ್ಲುಜ್ಜುತ್ತಿದ್ದ ಅವರು ತಮ್ಮದೇ ಹಲ್ಲಿನ ಸಂದಿಯಲ್ಲಿ ಉಳಿದಿದ್ದ ಬಿಳಿ ಪದಾರ್ಥವನ್ನು ತಾವೇ ತಯಾರಿಸಿದ ಮಸೂರದಡಿ ಇಟ್ಟು ನೋಡಿದರು. ಅದರಲ್ಲಿ ಓಡಾಡುತ್ತಿದ್ದ ಜೀವಿಗಳ ಬಗ್ಗೆ 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಪತ್ರ ಬ್ಯಾಕ್ಟೀರಿಯಾಗಳ ಅತ್ಯಂತ ಹಳೆಯ ವರ್ಣನೆಗಳಲ್ಲಿ ಒಂದು.

ಆ ಜೀವಿಗಳಿಂದಲೇ ವಸಡು ಕೆಡುತ್ತದೆ ಎಂದು ಖಚಿತವಾಗಲು ಮತ್ತೂ ಸುಮಾರು ಮುನ್ನೂರು ವರ್ಷ ಬೇಕಾಯಿತು. 1965ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಬಹಳ ಸರಳ. ವಸಡು ಚೆನ್ನಾಗಿದ್ದ ಹನ್ನೆರಡು ಜನರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. ಹತ್ತರಿಂದ ಇಪ್ಪತ್ತೊಂದು ದಿನಗಳೊಳಗೆ ಹನ್ನೆರಡೂ ಜನರ ವಸಡು ಕೆಂಪಾಗಿ ಊದಿಕೊಂಡಿತು. ಮತ್ತೆ ಉಜ್ಜಲು ಶುರುಮಾಡಿದ ಒಂದು ವಾರ, ಹತ್ತು ದಿನಗಳಲ್ಲಿ ಎಲ್ಲರದೂ ಮೊದಲಿನಂತಾಯಿತು. ಮಾತ್ರೆಯಿಲ್ಲ, ಮುಲಾಮಿಲ್ಲ, ಬರೀ ಬ್ರಷ್ಷು. ದಂತವೈದ್ಯದ ಇತಿಹಾಸದಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ವಿಷಯ ತಿಳಿಸಿದ ಪ್ರಯೋಗ ವಿರಳ.

ಉಜ್ಜುವಾಗ ಉಗುಳಿದ ನೊರೆಯಲ್ಲಿ ಕೆಂಪು ಎಳೆ ಕಾಣುವುದು ಕಾಯಿಲೆಯ ಮೊದಲ ಸುಳಿವು. ಪಾಚಿಯ ವಿಷ ತಾಗಿದ ಕಡೆ ದೇಹ ರಕ್ತದ ಹರಿವನ್ನು ಹೆಚ್ಚಿಸುತ್ತದೆ, ಸಣ್ಣ ರಕ್ತನಾಳಗಳು ಹಿಗ್ಗುತ್ತವೆ, ವಸಡಿನ ಒಳಪದರ ತೆಳುವಾಗಿ ಹುಣ್ಣಾಗುತ್ತದೆ. ಅಂಥ ಕಡೆ ಬ್ರಷ್ಷು ಮೆಲ್ಲಗೆ ಮುಟ್ಟಿದರೂ ರಕ್ತ ಒಸರುತ್ತದೆ. ಹೆಚ್ಚಿನವರು ತಪ್ಪುವುದು ಇಲ್ಲೇ. ಬ್ರಷ್ಷು ಚುಚ್ಚಿ ಗಾಯವಾಯಿತೆಂದು ತಿಳಿದು ಮರುದಿನದಿಂದ ಆ ಜಾಗವನ್ನು ಬಿಟ್ಟು ಉಜ್ಜುತ್ತಾರೆ. ಬಿಟ್ಟ ಕಡೆ ಪಾಚಿ ದಪ್ಪವಾಗುತ್ತದೆ, ರಕ್ತ ಹೆಚ್ಚುತ್ತದೆ, ಹೆದರಿಕೆಯೂ ಹೆಚ್ಚುತ್ತದೆ. ಮಾಡಬೇಕಾದದ್ದು ಇದಕ್ಕೆ ತದ್ವಿರುದ್ಧ. ರಕ್ತ ಕಂಡ ಜಾಗವನ್ನೇ ಮೆತ್ತನೆಯ ಬ್ರಷ್ಷಿನಿಂದ, ಸಾವಧಾನವಾಗಿ, ದಿನಕ್ಕೆರಡು ಸಲ ಉಜ್ಜಬೇಕು. ಮೊದಲ ಎರಡು ಮೂರು ದಿನ ರಕ್ತ ಬಂದೇ ಬರುತ್ತದೆ. ಒಂದೆರಡು ವಾರದಲ್ಲಿ ನಿಲ್ಲದಿದ್ದರೆ ಕೈಗೆ ಸಿಗದ ಕಡೆ ಪಾಚಿ ಗಟ್ಟಿಯಾಗಿ ಕಿಟ್ಟ ಕಟ್ಟಿದೆ ಎಂದರ್ಥ, ದಂತವೈದ್ಯರನ್ನು ಕಾಣಬೇಕು. ಜ್ವರದ ಜೊತೆಗೆ ವಸಡಿನಲ್ಲಿ ರಕ್ತ ಬಂದರೆ ಮಾತ್ರ ಒಂದು ದಿನವೂ ಕಾಯಬಾರದು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದಾಗಲೂ, ಕೆಲವು ರಕ್ತದ ಕ್ಯಾನ್ಸರ್‌ಗಳಲ್ಲೂ ವಸಡಿನಿಂದ ರಕ್ತ ಬರುತ್ತದೆ.

ತೆಗೆಯದೆ ಬಿಟ್ಟ ಪಾಚಿ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ, ರಂಜಕಗಳನ್ನು ಹೀರಿ ಒಂದೆರಡು ದಿನದಲ್ಲೇ ಗಟ್ಟಿಯಾಗತೊಡಗುತ್ತದೆ. ಕೆಲವು ವಾರಗಳಲ್ಲಿ ಅದು ಕಲ್ಲಿನಂಥ ಕಿಟ್ಟ. ಜೊಲ್ಲಿನ ನಾಳಗಳು ತೆರೆದುಕೊಳ್ಳುವ ಕಡೆ, ಅಂದರೆ ಕೆಳಗಿನ ಮುಂಬಲ್ಲುಗಳ ಹಿಂಭಾಗದಲ್ಲಿ ಮತ್ತು ಮೇಲಿನ ದವಡೆಹಲ್ಲುಗಳ ಕೆನ್ನೆಯ ಬದಿಯಲ್ಲಿ, ಇದು ಮೊದಲು ಕಟ್ಟುತ್ತದೆ. ಕಿಟ್ಟ ಒಮ್ಮೆ ಕಟ್ಟಿದ ಮೇಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅದರ ಒರಟು ಮೈ ಹೊಸ ಪಾಚಿಗೆ ನೆಲೆಯಾಗುತ್ತದೆ.

ಮುಂದಿನ ಹಾನಿ ವಸಡಿನ ಅಂಚಿನ ಒಳಗೆ ನಡೆಯುತ್ತದೆ. ಹಲ್ಲಿಗೂ ವಸಡಿಗೂ ನಡುವೆ ಸಹಜವಾಗಿಯೇ ಒಂದರಿಂದ ಮೂರು ಮಿಲಿಮೀಟರ್ ಆಳದ ಸಂದು ಇರುತ್ತದೆ. ಕಾಯಿಲೆ ಇಳಿದಂತೆಲ್ಲ ಈ ಸಂದು ಜೇಬಿನಂತೆ ಆಳವಾಗುತ್ತದೆ. ನಾಲ್ಕು, ಆರು, ಒಂಬತ್ತು ಮಿಲಿಮೀಟರ್. ಗಾಳಿಯಾಡದ ಆ ಆಳದಲ್ಲಿ ಬೇರೆಯದೇ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಪಾರ್ಫಿರೊಮೊನಾಸ್ ಜಿಂಜಿವ್ಯಾಲಿಸ್ ಎಂಬುದು ಅವುಗಳಲ್ಲಿ ಕುಖ್ಯಾತವಾದದ್ದು. ಮೂಳೆಯನ್ನು ನೇರವಾಗಿ ಕರಗಿಸುವುದು ಇವಲ್ಲ. ಇವುಗಳ ವಿರುದ್ಧ ದೇಹ ಹೂಡುವ ದೀರ್ಘ ಹೋರಾಟದಲ್ಲಿ ಹೊರಬೀಳುವ ರಾಸಾಯನಿಕಗಳು ಮೂಳೆ ಕರಗಿಸುವ ಕೋಶಗಳನ್ನು ಕೆರಳಿಸುತ್ತವೆ. ಸೋಂಕಿನ ಜಾಗದಿಂದ ಮೂಳೆ ಹಿಂದೆ ಸರಿಯುತ್ತದೆ, ಹಲ್ಲಿನ ಹಿಡಿತ ಸಡಿಲವಾಗುತ್ತದೆ. ಬಾಯಿ ವಾಸನೆ, ಹಲ್ಲುಗಳ ನಡುವೆ ಹೊಸದಾಗಿ ಕಾಣುವ ಸಂದು, ಹಲ್ಲು ಉದ್ದವಾದಂತೆ ತೋರುವುದು, ಒತ್ತಿದರೆ ಕೀವು, ಇವೆಲ್ಲ ತಡವಾಗಿ ಬರುವ ಗುರುತುಗಳು. ಬಾಯ ತುಂಬ ಕಾಯಿಲೆ ಹರಡಿದವರಲ್ಲಿ ಈ ಜೇಬುಗಳ ಒಳಗಿನ ಹುಣ್ಣನ್ನೆಲ್ಲ ಒಟ್ಟುಗೂಡಿಸಿದರೆ 8ರಿಂದ 20 ಚದರ ಸೆಂಟಿಮೀಟರ್ ಆಗುತ್ತದೆಂದು ಅಂದಾಜು. ಅಷ್ಟು ದೊಡ್ಡ ಗಾಯ ಮೊಣಕಾಲಿನ ಮೇಲಿದ್ದರೆ ಯಾರೂ ವರ್ಷಗಟ್ಟಲೆ ಸುಮ್ಮನಿರುತ್ತಿರಲಿಲ್ಲ.

ಹಲ್ಲುಜ್ಜದವರಿಗೆಲ್ಲ ಹಲ್ಲು ಒಂದೇ ರೀತಿ ಬೀಳುತ್ತದೆಯೇ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಶ್ರೀಲಂಕಾದ ಚಹಾ ತೋಟಗಳಲ್ಲಿ. ಬ್ರಷ್ಷನ್ನೇ ಕಾಣದ 480 ತಮಿಳು ಕೂಲಿಕಾರ್ಮಿಕರ ಬಾಯಿಯನ್ನು 1970ರಿಂದ ಹದಿನೈದು ವರ್ಷ ಲೋ ಅವರ ತಂಡವೇ ಪರೀಕ್ಷಿಸುತ್ತ ಬಂತು. ಎಲ್ಲರ ಹಲ್ಲಿನ ಮೇಲೂ ದಪ್ಪ ಪಾಚಿ, ಕಿಟ್ಟ. ಎಲ್ಲರ ವಸಡೂ ಊದಿತ್ತು. ಆದರೂ ಶೇ 11ರಷ್ಟು ಜನರಲ್ಲಿ ಮೂಳೆಗೆ ಏನೂ ಆಗಲಿಲ್ಲ. ಶೇ 81ರಷ್ಟು ಜನರಲ್ಲಿ ಕಾಯಿಲೆ ನಿಧಾನಕ್ಕೆ ಇಳಿಯಿತು, 45ನೇ ವಯಸ್ಸಿಗೆ ಅವರು ಸರಾಸರಿ ಏಳು ಹಲ್ಲು ಕಳೆದುಕೊಂಡಿದ್ದರು. ಉಳಿದ ಶೇ 8ರಷ್ಟು ಜನ ಅದೇ ವಯಸ್ಸಿಗೆ ಪೂರ್ತಿ ಬೊಚ್ಚುಬಾಯಿ. ಪಾಚಿ ಎಲ್ಲರಿಗೂ ಒಂದೇ, ಅದಕ್ಕೆ ದೇಹ ತೋರುವ ಪ್ರತಿಕ್ರಿಯೆ ಒಬ್ಬೊಬ್ಬರದು ಒಂದೊಂದು ತರ. ತಂದೆತಾಯಿಗೆ ನಲವತ್ತರೊಳಗೇ ಹಲ್ಲು ಬಿದ್ದಿದ್ದರೆ ಮಕ್ಕಳು ಹೆಚ್ಚು ಎಚ್ಚರದಿಂದಿರಬೇಕು ಎನ್ನುವುದು ಇದಕ್ಕೇ.

ಹುಟ್ಟಿನಿಂದ ಬಂದದ್ದನ್ನು ಬದಲಿಸಲಾಗದು. ಬದಲಿಸಬಹುದಾದವುಗಳಲ್ಲಿ ಮೊದಲನೆಯದು ತಂಬಾಕು. ಬೀಡಿ, ಸಿಗರೇಟು ಸೇದುವವರಲ್ಲಿ ಕಾಯಿಲೆ ಬೇಗ ಇಳಿಯುತ್ತದೆ, ಚಿಕಿತ್ಸೆಗೆ ಅಷ್ಟಾಗಿ ಬಗ್ಗುವುದಿಲ್ಲ. ಸಾಲದ್ದಕ್ಕೆ ತಂಬಾಕು ವಸಡಿನ ರಕ್ತನಾಳಗಳ ಸಹಜ ಪ್ರತಿಕ್ರಿಯೆಯನ್ನು ಅಡಗಿಸುವುದರಿಂದ ಉಜ್ಜುವಾಗ ರಕ್ತವೂ ಕಾಣಿಸುವುದಿಲ್ಲ. ಕಾಯಿಲೆಯ ಒಂದೇ ಒಂದು ಮುನ್ಸೂಚನೆಯೂ ಹೀಗೆ ಮುಚ್ಚಿಹೋಗುತ್ತದೆ. ಸೇದುವುದನ್ನು ಬಿಟ್ಟ ಕೆಲವೇ ವಾರಗಳಲ್ಲಿ ರಕ್ತ ಕಾಣಿಸಿಕೊಂಡರೆ ಹೆದರಬೇಕಿಲ್ಲ, ವಸಡು ಎಚ್ಚೆತ್ತುಕೊಳ್ಳುತ್ತಿದೆ. ಹಳೆ ಮೈಸೂರು ಕಡೆಯ ಕಡ್ಡಿಪುಡಿ, ಎಲೆ ಅಡಿಕೆ ಜೊತೆಗಿನ ಹೊಗೆಸೊಪ್ಪು, ಗುಟ್ಕಾ ಇವು ಮತ್ತೊಂದು ಬಗೆಯಲ್ಲಿ ಕೆಡಿಸುತ್ತವೆ. ಕೆನ್ನೆಯ ಸಂದಿಯಲ್ಲಿ ದಿನವೂ ಒಂದೇ ಜಾಗದಲ್ಲಿ ಇಟ್ಟ ಉಂಡೆ ಅಲ್ಲಿನ ವಸಡನ್ನು ಸುಟ್ಟು ಕೆಳಗಿಳಿಸಿ ಬೇರನ್ನು ಬಯಲಿಗೆ ತರುತ್ತದೆ. ಅದೇ ಜಾಗದಲ್ಲಿ ಕ್ಯಾನ್ಸರ್ ಹುಟ್ಟುವ ಅಪಾಯವೂ ಇದೆ. ತಂಬಾಕನ್ನು ಸುಟ್ಟು ಮಾಡಿದ ಮಿಸ್ರಿಯಿಂದ ಹಲ್ಲುಜ್ಜುವ ಹೆಂಗಸರು ಮಹಾರಾಷ್ಟ್ರದ ಗಡಿಗೆ ತಾಗಿದ ಊರುಗಳಲ್ಲಿ ಇಂದಿಗೂ ಇದ್ದಾರೆ. ಅದು ಹಲ್ಲುಪುಡಿಯ ವೇಷದಲ್ಲಿರುವ ತಂಬಾಕೇ ಹೊರತು ಬೇರೇನಲ್ಲ.

ಎರಡನೆಯದು ಸಕ್ಕರೆ ಕಾಯಿಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2023ರ ವರದಿ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದಿತು. ಹತೋಟಿಯಲ್ಲಿಲ್ಲದ ಸಕ್ಕರೆ ವಸಡನ್ನು ಕೆಡಿಸುತ್ತದೆ, ಕೆಟ್ಟ ವಸಡು ಸಕ್ಕರೆಯನ್ನು ಏರಿಸುತ್ತದೆ. ವಸಡಿಗೆ ಸರಿಯಾದ ಚಿಕಿತ್ಸೆ ಕೊಟ್ಟ ಮೂರು ನಾಲ್ಕು ತಿಂಗಳಲ್ಲಿ ರಕ್ತದ ಸಕ್ಕರೆಯ ಹತೋಟಿಯನ್ನು ತೋರಿಸುವ ಎಚ್‌ಬಿಎ1ಸಿ ಮಟ್ಟ ಸರಾಸರಿ 0.4ರಷ್ಟು ಇಳಿಯುತ್ತದೆ, ಅಂದರೆ 8.0 ಇದ್ದದ್ದು 7.6ಕ್ಕೆ ಬಂದಂತೆ. ಸಕ್ಕರೆ ಕಾಯಿಲೆಯವರ ಕಣ್ಣು, ಕಾಲು, ಮೂತ್ರಪಿಂಡಗಳನ್ನು ವರ್ಷಕ್ಕೊಮ್ಮೆ ನೋಡುವ ಪದ್ಧತಿ ಬಂದಿದೆ. ಆ ಪಟ್ಟಿಯಲ್ಲಿ ಬಾಯಿಯೂ ಸೇರಬೇಕು.

ಗರ್ಭಿಣಿಯರಲ್ಲಿ ಹಾರ್ಮೋನುಗಳ ಏರಿಕೆಯಿಂದ ಸ್ವಲ್ಪ ಪಾಚಿಗೂ ವಸಡು ಬಹಳ ಊದುತ್ತದೆ. ಕೆಲವರಲ್ಲಿ ಹಲ್ಲಿನ ಸಂದಿನಿಂದ ಕೆಂಪು ಗಂಟೂ ಏಳುತ್ತದೆ. ಅದು ಕ್ಯಾನ್ಸರ್ ಅಲ್ಲ, ಹೆರಿಗೆಯ ನಂತರ ಹೆಚ್ಚಾಗಿ ತಾನೇ ಕುಗ್ಗುತ್ತದೆ. ಬಸುರಿಯ ಹಲ್ಲು ಮುಟ್ಟಬಾರದೆಂಬ ನಂಬಿಕೆಗೆ ಆಧಾರವಿಲ್ಲ. ನಾಲ್ಕರಿಂದ ಆರನೇ ತಿಂಗಳವರೆಗಿನ ಅವಧಿ ಹಲ್ಲು ಶುಚಿಮಾಡಿಸಲು ಅನುಕೂಲದ ಕಾಲ. ರಕ್ತದೊತ್ತಡಕ್ಕೆ ಕೊಡುವ ಅಮ್ಲೋಡಿಪಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಮಾತ್ರೆಗಳಿಂದ ಕೆಲವರ ವಸಡು ದಪ್ಪವಾಗಿ ಹಲ್ಲಿನ ಮೇಲೇರುತ್ತದೆ. ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು, ಬರೆದುಕೊಟ್ಟ ವೈದ್ಯರಿಗೆ ತಿಳಿಸಿದರೆ ಬದಲಿ ಮಾತ್ರೆ ಇದೆ.

ಕಾಯಿಲೆ ಬಾರದಂತೆ ತಡೆಯುವ ಕೆಲಸದ ಬಹುಪಾಲು ಬ್ರಷ್ಷು ಹಿಡಿದ ಕೈಯದು. ಹಲ್ಲಿನ ಹೊಳೆಯುವ ಮೈಯನ್ನು ಗರಗಸದಂತೆ ಅಡ್ಡಡ್ಡ ಉಜ್ಜುವುದರಿಂದ ವಸಡಿಗೆ ಏನೂ ಪ್ರಯೋಜನವಿಲ್ಲ. ಪಾಚಿ ಕೂರುವುದು ವಸಡಿನ ಅಂಚಿನಲ್ಲಿ. ಮಲೇರಿಯಾ ಮತ್ತು ಪರೋಪಜೀವಿಗಳ ಸಂಶೋಧಕರಾಗಿದ್ದ ಅಮೆರಿಕದ ನ್ಯೂ ಆರ್ಲಿಯನ್ಸ್‌ನ ವೈದ್ಯ ಚಾರ್ಲ್ಸ್ ಬ್ಯಾಸ್ ನಿವೃತ್ತಿಯ ನಂತರ ಹಲ್ಲಿನ ಕಡೆ ತಿರುಗಿ, 1954ರಲ್ಲಿ ಪ್ರಕಟಿಸಿದ ಕ್ರಮವನ್ನೇ ಇಂದಿಗೂ ದಂತವೈದ್ಯರು ಕಲಿಸುತ್ತಾರೆ. ಮೆತ್ತನೆಯ ಎಳೆಗಳ ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ, 45 ಡಿಗ್ರಿ ಕೋನದಲ್ಲಿ, ಎಳೆಗಳ ತುದಿ ಸಂದಿನೊಳಗೆ ಹೋಗುವಂತೆ ಇಡಬೇಕು. ಪೆನ್ನು ಹಿಡಿದಂತೆ ಹಗುರವಾಗಿ ಹಿಡಿದು, ಜಾಗ ಬಿಡದೆ ಸಣ್ಣಗೆ ನಡುಗಿಸಬೇಕು. ಎರಡು ಹಲ್ಲಿಗೆ ಹತ್ತು ನಡುಗು, ಆಮೇಲೆ ಮುಂದಿನ ಎರಡು ಹಲ್ಲು. ಹೊರಬದಿ ಮುಗಿದ ಮೇಲೆ ನಾಲಿಗೆಯ ಬದಿಗೂ ಹೀಗೆಯೇ. ಕೆಳಗಿನ ಮುಂಬಲ್ಲುಗಳ ಹಿಂದೆ ಬ್ರಷ್ಷನ್ನು ನೆಟ್ಟಗೆ ನಿಲ್ಲಿಸಿಕೊಳ್ಳಬೇಕು. ಪೂರ್ತಿ ಬಾಯಿಗೆ ಕನಿಷ್ಠ ಎರಡು ನಿಮಿಷ ಬೇಕು. ಬಲಗೈಯವರು ಹೆಚ್ಚಾಗಿ ಬಲಗಡೆಯ ಕೋರೆಹಲ್ಲಿನ ತಿರುವನ್ನು ಬಿಟ್ಟುಬಿಡುತ್ತಾರೆ, ಅಲ್ಲಿ ಕೈ ತಿರುಗಿಸಿ ಹಿಡಿಯಬೇಕಾಗುತ್ತದೆ. ಎಳೆಗಳು ಕೆದರಿದ ಬ್ರಷ್ಷು ಪಾಚಿ ತೆಗೆಯುವುದಿಲ್ಲ, ಮೂರು ತಿಂಗಳಿಗೊಮ್ಮೆ ಬದಲಿಸುವುದು ಲೇಸು. ರಾತ್ರಿ ಮಲಗುವ ಮುಂಚಿನ ಉಜ್ಜುವಿಕೆ ಬೆಳಗಿನದಕ್ಕಿಂತ ಮುಖ್ಯ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗಿ ಬ್ಯಾಕ್ಟೀರಿಯಾಗಳಿಗೆ ಅಡ್ಡಿಯೇ ಇರುವುದಿಲ್ಲ.

ಇದ್ದಿಲು, ಇಟ್ಟಿಗೆ ಪುಡಿ, ಬೂದಿ, ಹರಳುಪ್ಪು ಇವುಗಳಿಂದ ಒತ್ತಿ ತಿಕ್ಕುವುದು ಪಾಚಿಯ ಜೊತೆಗೆ ಹಲ್ಲನ್ನೂ ಸವೆಸುತ್ತದೆ, ವಸಡನ್ನು ಹಿಂದಕ್ಕೆ ತಳ್ಳುತ್ತದೆ. ಫ್ಲೋರೈಡ್ ಹೆಚ್ಚಿರುವ ನೀರು ಕುಡಿಯುವ ಪಾವಗಡದಂಥ ಕಡೆ ಈ ಮಾತನ್ನು ಒತ್ತಿ ಹೇಳಬೇಕು. ಅಲ್ಲಿನ ಮಕ್ಕಳ ಹಲ್ಲಿನ ಕಂದು ಕಲೆ ಹಲ್ಲಿನೊಳಗೇ ಬೆಳೆದದ್ದು, ಎಷ್ಟು ತಿಕ್ಕಿದರೂ ಹೋಗದು. ನಾಚಿಕೆಯಿಂದ ದಿನವೂ ತಿಕ್ಕುವ ಹುಡುಗ ಹುಡುಗಿಯರು ಕಲೆಯನ್ನು ಉಳಿಸಿಕೊಂಡು ವಸಡನ್ನು ಕಳೆದುಕೊಳ್ಳುತ್ತಾರೆ. ಬೇವಿನ ಕಡ್ಡಿಯ ವಿಷಯ ಬೇರೆ. ತುದಿಯನ್ನು ಚೆನ್ನಾಗಿ ಜಗಿದು ಕುಂಚದಂತೆ ಮೆದುಮಾಡಿಕೊಂಡು ಬಳಸಿದರೆ ಅದು ಪಾಚಿ ತೆಗೆಯುತ್ತದೆ. ಹಿಂಬದಿಯ ಹಲ್ಲುಗಳ ಒಳಭಾಗಕ್ಕೆ ತಲುಪದಿರುವುದು ಅದರ ಕೊರತೆ.

ಬ್ರಷ್ಷು ಹಲ್ಲುಗಳ ನಡುವಿನ ಸಂದಿಗೆ ಹೋಗುವುದಿಲ್ಲ, ಕಾಯಿಲೆ ಹೆಚ್ಚಾಗಿ ಶುರುವಾಗುವುದೂ ಅಲ್ಲೇ. ಬಿಗಿಯಾದ ಸಂದಿಗೆ ಹಲ್ಲಿನ ದಾರ, ಅಗಲವಾದ ಸಂದಿಗೆ ಬಾಟಲಿ ತೊಳೆಯುವ ಬ್ರಷ್ಷಿನ ರೂಪದ ಪುಟ್ಟ ಸಂದಿ ಬ್ರಷ್ಷು ಮೆಡಿಕಲ್ ಅಂಗಡಿಗಳಲ್ಲಿ ಸಿಗುತ್ತವೆ. ದಿನಕ್ಕೊಮ್ಮೆ ಸಾಕು. ಗುಂಡುಪಿನ್ನು, ಪೊರಕೆ ಕಡ್ಡಿ, ಬೆಂಕಿಕಡ್ಡಿ ಚುಚ್ಚುವ ಅಭ್ಯಾಸ ಸಂದಿಯ ವಸಡನ್ನು ಹರಿದು ಇನ್ನಷ್ಟು ದೊಡ್ಡ ಗುಳಿ ಮಾಡುತ್ತದೆ. ಕ್ಲೋರ್‌ಹೆಕ್ಸಿಡಿನ್ ಇರುವ ಬಾಯಿ ಮುಕ್ಕಳಿಸುವ ಔಷಧಿ ಪಾಚಿಯನ್ನು ತಡೆಯುತ್ತದೆ, ಆದರೆ ಎರಡು ವಾರ ಮೀರಿದರೆ ಹಲ್ಲು ಕಂದಾಗುತ್ತದೆ, ರುಚಿ ಕೆಡುತ್ತದೆ. ಪೇಸ್ಟಿನ ನೊರೆ ಅದರ ಶಕ್ತಿಯನ್ನು ಕುಂದಿಸುವುದರಿಂದ ಉಜ್ಜಿದ ಅರ್ಧ ಗಂಟೆಯ ನಂತರ ಬಳಸಬೇಕು. ಎಣ್ಣೆ ಮುಕ್ಕಳಿಸುವುದು, ಉಪ್ಪುನೀರು ಇವು ಬ್ರಷ್ಷಿನ ಜೊತೆಗಿರಬಹುದು, ಅದರ ಬದಲಿಗಲ್ಲ.

ದಂತವೈದ್ಯರ ಕುರ್ಚಿಯಲ್ಲಿ ವಸಡಿನ ಪರೀಕ್ಷೆಗೆ ಬಳಸುವುದು ಮಿಲಿಮೀಟರ್ ಗೆರೆಗಳಿರುವ, ತುದಿ ಮೊಂಡಾದ ಒಂದು ತೆಳು ಕಡ್ಡಿ. ಅದನ್ನು ಪ್ರತಿ ಹಲ್ಲಿನ ಸುತ್ತ ಆರು ಕಡೆ ಸಂದಿಗಿಳಿಸಿ ಆಳ ಓದುತ್ತಾರೆ, ಪಕ್ಕದಲ್ಲಿರುವವರು ಬರೆದುಕೊಳ್ಳುತ್ತಾರೆ. ಮೂರು, ಎರಡು, ಮೂರು. ಮೂರು, ಐದು, ಆರು, ರಕ್ತ. ರೋಗಿಯೂ ಈ ಅಂಕಿಗಳನ್ನು ಕೇಳಿಸಿಕೊಳ್ಳುವುದು ಒಳ್ಳೆಯದು. ಮೂರರವರೆಗೆ ಚಿಂತೆಯಿಲ್ಲ, ಐದು ದಾಟಿದರೆ ಅಲ್ಲಿ ಬ್ರಷ್ಷು ತಲುಪುವುದಿಲ್ಲ. ಎಕ್ಸ್‌ರೇಯಲ್ಲಿ ಮೂಳೆ ಎಷ್ಟು ಇಳಿದಿದೆ ಎಂದು ಕಾಣುತ್ತದೆ.

ಚಿಕಿತ್ಸೆಯ ಅಡಿಪಾಯ ಕಿಟ್ಟ ತೆಗೆಯುವುದು. 1844ರ ಡಿಸೆಂಬರಿನಲ್ಲಿ ನಗೆ ಅನಿಲ ಸೇವಿಸಿ ನೋವಿಲ್ಲದೆ ಹಲ್ಲು ಕೀಳಿಸಿಕೊಂಡ ಹೊರೇಸ್ ವೆಲ್ಸ್ ಅವರ ಹೆಸರು ಪ್ರಸಿದ್ಧ. ಆ ಹಲ್ಲು ಕಿತ್ತವರು ಹಾರ್ಟ್‌ಫರ್ಡ್ ನಗರದ ದಂತವೈದ್ಯ ಜಾನ್ ರಿಗ್ಸ್. ವಸಡನ್ನು ಕತ್ತರಿಸುವ ಬದಲು ಹಲ್ಲಿನ ಬೇರಿನ ಮೇಲಿನ ಕಿಟ್ಟವನ್ನು ಕೆರೆದು ತೆಗೆದರೆ ಹಲ್ಲು ಉಳಿಯುತ್ತದೆ ಎಂದು ತೋರಿಸಿದವರೂ ಅವರೇ, ಅಮೆರಿಕದಲ್ಲಿ ಈ ಕಾಯಿಲೆಯನ್ನು ಬಹುಕಾಲ ರಿಗ್ಸ್ ಕಾಯಿಲೆ ಎಂದೇ ಕರೆಯುತ್ತಿದ್ದರು. ಈಗ ಕೆರೆಯುವ ಕೆಲಸವನ್ನು ಸೆಕೆಂಡಿಗೆ 25 ಸಾವಿರಕ್ಕೂ ಹೆಚ್ಚು ಸಲ ಕಂಪಿಸುವ, ನೀರು ಚಿಮ್ಮುವ ಉಪಕರಣ ಮಾಡುತ್ತದೆ.

ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತದೆ ಎಂಬ ನಂಬಿಕೆ ಎಷ್ಟೋ ಜನರ ಹಲ್ಲನ್ನು ತಿಂದಿದೆ. ಅದು ಹುಟ್ಟಿದ್ದಕ್ಕೆ ಕಾರಣವೂ ಇದೆ. ಮೂಳೆ ಆಗಲೇ ಕರಗಿದ ಹಲ್ಲುಗಳನ್ನು ಕಿಟ್ಟದ ಗಟ್ಟಿ ಪಟ್ಟಿಯೇ ಒಂದಕ್ಕೊಂದು ಅಂಟಿಸಿ ಹಿಡಿದಿರುತ್ತದೆ, ಅದನ್ನು ತೆಗೆದಾಗ ಒಳಗಿನ ಸಡಿಲ ಬಯಲಾಗುತ್ತದೆ. ಕಿಟ್ಟ ತುಂಬಿದ್ದ ಸಂದಿ ಖಾಲಿಯಾಗಿ ಹಲ್ಲುಗಳ ನಡುವೆ ತೂತು ಬಿದ್ದಂತೆ ಕಾಣುತ್ತದೆ, ತಣ್ಣೀರು ಕುಡಿದರೆ ಕೆಲವು ದಿನ ಜುಮ್ಮೆನ್ನುತ್ತದೆ. ಈ ಮೂರನ್ನೂ ವೈದ್ಯರು ಮೊದಲೇ ಬಿಡಿಸಿ ಹೇಳಿದರೆ ರೋಗಿ ಅರ್ಧಕ್ಕೇ ಚಿಕಿತ್ಸೆ ಬಿಡುವುದಿಲ್ಲ. ಊತ ಇಳಿದ ಮೇಲೆ ಎಷ್ಟೋ ಹಲ್ಲುಗಳು ಮೊದಲಿಗಿಂತ ಗಟ್ಟಿಯಾಗಿ ನಿಲ್ಲುತ್ತವೆ.

ಜೇಬು ಆಳವಾಗಿದ್ದರೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ವಸಡಿನ ಒಳಗಿನ ಬೇರನ್ನೂ ಶುಚಿಮಾಡುತ್ತಾರೆ. ಒಂದೂವರೆ ಎರಡು ತಿಂಗಳ ನಂತರ ಮತ್ತೆ ಆಳ ಅಳೆಯುತ್ತಾರೆ. ಆಗಲೂ ಇಳಿಯದ ಜೇಬುಗಳಿಗೆ ಮಾತ್ರ ಶಸ್ತ್ರಚಿಕಿತ್ಸೆ. ವಸಡನ್ನು ಪುಸ್ತಕದ ಪುಟದಂತೆ ಬಿಡಿಸಿ, ಕಣ್ಣಿಗೆ ಕಾಣುವಂತೆ ಬೇರನ್ನು ಶುಚಿಮಾಡಿ, ಮತ್ತೆ ಹೊಲಿಯುತ್ತಾರೆ. ಮೂಳೆ ಬಾವಿಯಂತೆ ಕುಸಿದ ಕಡೆ ಮೂಳೆಯ ಪುಡಿ ತುಂಬಿ ಸ್ವಲ್ಪ ಮಟ್ಟಿಗೆ ಬೆಳೆಸಲೂಬಹುದು. ಮೂಳೆ ಸಮನಾಗಿ ಸವೆದ ಕಡೆ ಅದು ಸಾಗುವುದಿಲ್ಲ. ಅಂಗಡಿಯಿಂದ ತಂದು ನುಂಗುವ ಆಂಟಿಬಯೋಟಿಕ್ ಮಾತ್ರೆ ಕೀವನ್ನು ನಾಲ್ಕು ದಿನ ಅಡಗಿಸುತ್ತದೆ ಅಷ್ಟೆ. ಕಿಟ್ಟ ಇದ್ದಲ್ಲೇ ಇರುತ್ತದೆ, ಪಾಚಿಯ ಗೂಡಿನೊಳಗೆ ಔಷಧಿ ಸರಿಯಾಗಿ ಇಳಿಯುವುದಿಲ್ಲ, ಮತ್ತೆ ಕೀವು ಬರುತ್ತದೆ. ಮೂಳೆ ಪೂರ್ತಿ ಕರಗಿ ಮೇಲಕ್ಕೂ ಕೆಳಕ್ಕೂ ಅಲ್ಲಾಡುವ ಹಲ್ಲನ್ನು ಕೀಳಿಸುವುದೇ ಸರಿ.

ಚಿಕಿತ್ಸೆ ಮುಗಿದ ಮೇಲೂ ಜೇಬುಗಳಲ್ಲಿ ಹಳೆಯ ಬ್ಯಾಕ್ಟೀರಿಯಾಗಳು ಎರಡು ಮೂರು ತಿಂಗಳಲ್ಲಿ ಮತ್ತೆ ನೆಲೆಯೂರುತ್ತವೆ. ಅದಕ್ಕೆ ಒಮ್ಮೆ ಮೂಳೆಯವರೆಗೆ ಕಾಯಿಲೆ ಇಳಿದವರು ಮೂರು ತಿಂಗಳಿಗೊಮ್ಮೆ, ಉಳಿದವರು ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ತೋರಿಸಿಕೊಳ್ಳಬೇಕು. ಕಿತ್ತ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್ ಹಾಕಿಸಿಕೊಂಡವರಿಗೂ ಇದು ತಪ್ಪುವುದಿಲ್ಲ. ಟೈಟೇನಿಯಂ ತಿರುಪಿನ ಸುತ್ತಲೂ ಪಾಚಿ ಕಟ್ಟುತ್ತದೆ, ವಸಡು ಊದುತ್ತದೆ, ಮೂಳೆ ಕರಗುತ್ತದೆ. ಮೊದಲು ವಸಡಿನ ಕಾಯಿಲೆಯಿಂದಲೇ ಹಲ್ಲು ಕಳೆದುಕೊಂಡವರಲ್ಲಿ ಆ ಅಪಾಯ ಹೆಚ್ಚು. ಇಂಪ್ಲಾಂಟಿನ ಬುಡವನ್ನೂ ಮೆತ್ತನೆಯ ಬ್ರಷ್ಷನ್ನು ಓರೆಯಾಗಿ ಹಿಡಿದು, ಹಲ್ಲಿಗೆ ಮಾಡಿದಂತೆಯೇ ದಿನಕ್ಕೆರಡು ಸಲ ಉಜ್ಜಬೇಕಾಗುತ್ತದೆ.